ಕ್ರಾಮ್‌ಜೋರ್ಖ್: ಹಾರ್ಲೆಮ್‌ನಲ್ಲೊಂದು ಬಾಣಂತನ

ನವೆಂಬರ್‌ನ ಮೊದಲ ಶನಿವಾರ. ನೆದರ್‌ಲ್ಯಾಂಡ್ಸ್‌ನ ಹಾರ್ಲೆಮ್‌ ಅನ್ನೋ ಊರು. ಆಮ್‌ಸ್ಟರ್‌ಡ್ಯಾಮ್‌ನಿಂದ ರೈಲಿನಲ್ಲಿ ಇಪ್ಪತ್ತು ನಿಮಿಷ ಕೂಡ ಬೇಡ. ಊರಿನ ನಡುವೆ ಗ್ರೋಟ ಮಾರ್ಕ್ಟ್‌ ಎಂಬ ದೊಡ್ಡ ಚೌಕ, ಅದರ ಒಂದು ಬದಿಗೆ ಸೇಂಟ್ ಬಾವೊ ಚರ್ಚು, ಇನ್ನೊಂದು ಬದಿಗೆ ಹಳೆಯ ಟೌನ್‌ಹಾಲ್, ನಡುವೆ ಶನಿವಾರದ ಸಂತೆ. ನನಗೆ ಆಗ ಒಂಬತ್ತು ತಿಂಗಳು ತುಂಬುತ್ತಾ ಬಂದಿತ್ತು. ವಾಕಿಂಗ್ ಅಂತ ಹೊರಟವಳು ಕಾದ ಎಣ್ಣೆಯ ವಾಸನೆ ಹಿಡಿದು ಒಂದು ಅಂಗಡಿ ಮುಂದೆ ಹೋಗಿ ನಿಂತೆ. ಓಲಿಬೊಲ್ಲನ್ ಅಂತ ಕರೀತಾರೆ. ಹುದುಗಿಸಿದ ಮೈದಾಹಿಟ್ಟನ್ನು ಉಂಡೆಯಾಗಿ ಕರಿದು ಮೇಲೆ ಸಕ್ಕರೆ ಪುಡಿ ಉದುರಿಸಿ ಕೊಡ್ತಾರೆ. ಮಂಗಳೂರು ಬನ್ಸ್‌ಗೆ ದೂರದ ಸಂಬಂಧಿ ಅನ್ನಬಹುದು. ಚಳಿಗಾಲ ಶುರುವಾಯ್ತು ಅಂದ್ರೆ ಈ ದೇಶದ ಊರೂರಲ್ಲೂ ಇದರ ಗಾಡಿ ಬಂದು ನಿಲ್ಲುತ್ತೆ.

ಅಂಗಡಿಯ ಮೇಲೆ ದೊಡ್ಡದಾಗಿ ಬರೆದಿತ್ತು: ಓಲಿಬೊಲ್ಲನ್‌ಕ್ರಾಮ್.

ನಾನು ಗಂಡನ ಮುಖ ನೋಡಿದೆ. "ಕ್ರಾಮ್ ಅಂದ್ರೆ ಬಾಣಂತನ ಅಲ್ವಾ? ಬೋಂಡಾ ಅಂಗಡಿ ಮೇಲೆ ಯಾಕೆ ಬರೆದಿದ್ದಾರೆ?"

ನನ್ನ ಗೊಂದಲಕ್ಕೆ ಕಾರಣವಿತ್ತು. ಕಳೆದ ಐದಾರು ತಿಂಗಳಿಂದ ನನ್ನ ಮೇಲ್‌ಬಾಕ್ಸ್ ತುಂಬಾ ಇದ್ದದ್ದು ಒಂದೇ ಪದ: ಕ್ರಾಮ್‌ಜೋರ್ಖ್. ವಿಮಾ ಕಂಪನಿಯ ಪತ್ರದಲ್ಲಿ ಕ್ರಾಮ್‌ಜೋರ್ಖ್, ಸೂಲಗಿತ್ತಿಯ ಚೀಟಿಯಲ್ಲಿ ಕ್ರಾಮ್‌ಜೋರ್ಖ್. ಹೆರಿಗೆಯಾದ ಮೇಲೆ ತರಬೇತಿ ಪಡೆದ ಒಬ್ಬರು ದಿನಾ ಮನೆಗೇ ಬಂದು ತಾಯಿ-ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ. ಇಲ್ಲಿ ಅದು ಶ್ರೀಮಂತರ ಸೌಕರ್ಯವಲ್ಲ, ಕಡ್ಡಾಯ ಆರೋಗ್ಯ ವಿಮೆಯ ಒಂದು ಭಾಗ. ಸಾಮಾನ್ಯವಾಗಿ ಎಂಟು ದಿನಗಳಲ್ಲಿ 49 ಗಂಟೆ. ಅಗತ್ಯ ನೋಡಿ ಕಡಿಮೆ ಅಂದರೆ 24, ಹೆಚ್ಚು ಅಂದರೆ 80 ಗಂಟೆ. ಗಂಟೆಗೆ ಸುಮಾರು ಐದು ಯೂರೋ ನಮ್ಮ ಪಾಲು, ಉಳಿದದ್ದು ವಿಮೆಯದ್ದು. ಬಸುರಿಯಾದ ಮೂರು-ನಾಲ್ಕು ತಿಂಗಳೊಳಗೆ ಹೆಸರು ನೋಂದಾಯಿಸದಿದ್ದರೆ ಜನ ಸಿಗೋದು ಕಷ್ಟ.

ಬೋಂಡಾ ಅಂಗಡಿಗೂ ಬಾಣಂತನಕ್ಕೂ ಏನು ಸಂಬಂಧ ಅಂತ ಹೇಳಿದ್ದು ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು.

ಬಟ್ಟೆಯಿಂದ ಹುಟ್ಟಿದ ಪದ

ಕ್ರಾಮ್ ಅಂದ್ರೆ ಮೂಲದಲ್ಲಿ ಎಳೆದು ಕಟ್ಟಿದ ಬಟ್ಟೆ. ಡೇರೆಯ ಮೇಲ್ಹೊದಿಕೆಯಂಥದ್ದು. ಸಂತೆಯಲ್ಲಿ ನಾಲ್ಕು ಕೋಲು ನೆಟ್ಟು ಮೇಲೊಂದು ಬಟ್ಟೆ ಕಟ್ಟಿದರೆ ಅದು ಅಂಗಡಿ. ಹಾಗೆ ಅಂಗಡಿಯೇ ಕ್ರಾಮ್ ಆಯ್ತು. ಹೂವಿನದ್ದಾದರೆ ಬ್ಲೂಮನ್‌ಕ್ರಾಮ್, ಸಂತೆಯದ್ದಾದರೆ ಮಾರ್ಕ್ಟ್‌ಕ್ರಾಮ್. ಅದೇ ಕಾಲದಲ್ಲಿ ಮನೆಯೊಳಗೂ ಒಂದು ಬಟ್ಟೆ ಇಳಿಬೀಳುತ್ತಿತ್ತು. ಹೆರಿಗೆಯಾಗುವ ಹೆಂಗಸಿನ ಹಾಸಿಗೆಯ ಮುಂದೆ ಕಟ್ಟುವ ಪರದೆ. ಆ ಪರದೆಯ ಹಿಂದೆ ಹೋದವಳು ಕ್ರಾಮ್‌ಗೆ ಹೋದಳು. ಹೀಗೆ ಬಾಣಂತಿ ಕ್ರಾಮ್‌ವ್ರೌ, ಬಾಣಂತಿ ಹಾಸಿಗೆ ಕ್ರಾಮ್‌ಬೆಡ್, ಮಗು ನೋಡಲು ಬರೋದು ಕ್ರಾಮ್‌ವಿಸೀಟ. ಮೀನಿನ ಮರಿಗಳು ಬೆಳೆಯುವ ಉತ್ತರದ ವಾಡನ್ ಸಮುದ್ರವನ್ನು ಕೂಡ ಇವರು ಕ್ರಾಮ್‌ಕಾಮರ್ ಅಂತಾರೆ, ಅಂದರೆ ಬಾಣಂತಿ ಕೋಣೆ!

ಮೇಷ್ಟ್ರು ಹೇಳ್ತಾ ಹೋದಂತೆ ನನ್ನ ಕಣ್ಣ ಮುಂದೆ ಬಂದದ್ದು ಡಚ್ ಮನೆಯಲ್ಲ. ಧಾರವಾಡದ ನಮ್ಮ ಹಳೇ ಮನೆಯ ಒಳಗಿನ ಕೋಣೆ. ಅಕ್ಕನ ಬಾಣಂತನದಾಗ ಅಜ್ಜಿ ತನ್ನ ಹಳೇ ಇಳಕಲ್ ಸೀರೆಯನ್ನು ಎರಡು ಪದರು ಮಾಡಿ ಬಾಗಿಲಿಗೆ ಕಟ್ಟಿದ್ದಳು. ಒಳಗೆ ಕತ್ತಲು, ಹೊರಸಿನ ಕೆಳಗೆ ಕೆಂಡ, ಓಮದ ಹೊಗೆ. ನಾನು ಆಗ ಪಿಯುಸಿ. ಆ ಸೀರೆ ಸರಿಸಿ ಒಳಗೆ ಇಣುಕಿದರೆ ಬೈಗುಳ. ಬಾಣಂತಿ ಕೋಣೆಗೆ ಹೆಸರೇ ಬೇಕಿಲ್ಲ, ಬಟ್ಟೆ ಕಟ್ಟಿದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತಿತ್ತು.

ಹಾರ್ಲೆಮ್‌ನಲ್ಲಿ ಹೊರಗಿನವರಿಗೂ ಗೊತ್ತಾಗುವ ವ್ಯವಸ್ಥೆ ಇತ್ತು. ಹಿಂದೆ ಈ ಊರಲ್ಲಿ ಮಗು ಹುಟ್ಟಿದ ಮನೆಯ ಬಾಗಿಲಿಗೆ ರೇಷ್ಮೆ ಮತ್ತು ಲೇಸ್ ಹೊದಿಸಿದ ಒಂದು ಪುಟ್ಟ ಹಲಗೆ ನೇತುಹಾಕುತ್ತಿದ್ದರು. ಕ್ರಾಮ್‌ಕ್ಲೋಪರ್‌ತ್ಯೆ ಅಂತ ಹೆಸರು. ಅದು ನೇತಾಡುವಷ್ಟು ದಿನ ಮನೆ ಮುಂದೆ ಗದ್ದಲ ಮಾಡುವಂತಿಲ್ಲ, ಸಾಲಗಾರರೂ ಬಾಗಿಲು ಬಡಿಯುವಂತಿಲ್ಲ ಅಂತ ಹೇಳ್ತಾರೆ. ಈಗ ಹಲಗೆ ಇಲ್ಲ. ಅದರ ಬದಲು ಕಿಟಕಿಯಲ್ಲಿ ಕಟ್ಟಿಗೆಯ ಕೊಕ್ಕರೆ ನಿಲ್ಲಿಸ್ತಾರೆ. ಸಾಲದವರು ಈಗ ಇಮೇಲ್ ಕಳಿಸ್ತಾರೆ, ಅದು ಬೇರೆ ಮಾತು.

ಕಾಳಜಿ ಎಂಬ ಎರಡು ಅರ್ಥ

ಪದದ ಉಳಿದರ್ಧ ಜೋರ್ಖ್. ಇದರ ಅರ್ಥ ಆರೈಕೆ. ಚಿಂತೆ ಎಂಬ ಅರ್ಥವೂ ಇದಕ್ಕೇ. ಆರೋಗ್ಯ ವಿಮೆಯಲ್ಲೂ ಇದೇ ಪದ, ನಿದ್ದೆ ಬಾರದ ರಾತ್ರಿಯ ಯೋಚನೆಗೂ ಇದೇ ಪದ. ಇಂಗ್ಲಿಷಿನ ಸಾರೋ, ಅಂದರೆ ದುಃಖ, ಇದರದ್ದೇ ಒಡಹುಟ್ಟು. ಇನ್ನೂ ತಮಾಷೆ ಅಂದ್ರೆ ಇದರಿಂದಲೇ ಹುಟ್ಟಿದ ಬೆಜೋರ್ಖ್ಟ್ ಎಂಬ ಪದ. ಪಾರ್ಸೆಲ್ ಮನೆಗೆ ತಲುಪಿದಾಗ ಫೋನಿಗೆ ಬರುವ ಮೆಸೇಜಿನಲ್ಲಿ ಅದು "ತಲುಪಿಸಲಾಗಿದೆ". ಮನುಷ್ಯರ ಬಗ್ಗೆ ಹೇಳಿದಾಗ ಅದೇ ಪದ "ಚಿಂತೆಗೊಳಗಾದ". ಈ ದೇಶಕ್ಕೆ ಬಂದ ಹೊಸದರಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಒಂದೊಂದೇ ಪದ ಹುಡುಕುತ್ತಿದ್ದಾಗ, "ನಿಮ್ಮ ಪಾರ್ಸೆಲ್ ಚಿಂತೆಯಲ್ಲಿದೆ" ಅಂತ ಅರ್ಥ ಮಾಡಿಕೊಂಡು ನಾನೂ ಚಿಂತೆಗೆ ಬಿದ್ದಿದ್ದೆ.

ಆಮೇಲೆ ಹೊಳೀತು, ನಮ್ಮ ಕಡೆ ಮಾತಿನಲ್ಲೂ ಹೀಗೇ ಅಲ್ವಾ? ಕಾಳಜಿ. ಬೆಂಗಳೂರಿನವರು "ಆರೋಗ್ಯದ ಕಾಳಜಿ" ಅಂದರೆ ಆರೈಕೆ. ನಮ್ಮ ಧಾರವಾಡದಾಗ "ಕಾಳಜಿ ಮಾಡಬ್ಯಾಡ" ಅಂದರೆ ಚಿಂತೆ ಮಾಡಬೇಡ ಅಂತ. ಒಬ್ಬರನ್ನು ನೋಡಿಕೊಳ್ಳೋದು ಮತ್ತು ಅವರ ಬಗ್ಗೆ ಹೆದರೋದು, ಎರಡನ್ನೂ ಬೇರೆ ಮಾಡೋಕೆ ಆಗಲ್ಲ ಅಂತ ಎರಡು ಭಾಷೆಗಳಿಗೂ ಗೊತ್ತಾಗಿದೆ.

ನಮ್ಮ ಮನೆಯಲ್ಲಿ ಆಗ ಎರಡನೇ ಅರ್ಥವೇ ಜಾಸ್ತಿ ಇತ್ತು. ಅಮ್ಮ ಬರಬೇಕಿತ್ತು. ಟಿಕೆಟ್ ಆಗಿತ್ತು, ಅಂಟಿನ ಉಂಡಿಗೆ ಒಣಕೊಬ್ಬರಿ ತುರಿದಾಗಿತ್ತು. ಅಕ್ಟೋಬರ್‌ನಲ್ಲಿ ಅಪ್ಪ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್ ಆಯ್ತು, ಮೂರು ತಿಂಗಳು ಒಬ್ಬರು ಪಕ್ಕದಲ್ಲೇ ಇರಬೇಕು. ಅತ್ತೆ ತೀರಿಕೊಂಡು ನಾಲ್ಕು ವರ್ಷ. ಅಕ್ಕನಿಗೆ ಎರಡು ಮಕ್ಕಳ ಶಾಲೆ. ಅಮ್ಮನಿಗೆ ಫೋನ್‌ನಲ್ಲಿ ಕ್ರಾಮ್‌ಜೋರ್ಖ್ ಬಗ್ಗೆ ವಿವರಿಸಿದೆ. ತರಬೇತಿ ಇರುತ್ತೆ, ಸರ್ಟಿಫಿಕೇಟ್ ಇರುತ್ತೆ ಅಂತೆಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ಮಾಡೂ ಕೆಲಸಕ್ಕ ಅಲ್ಲೆ ಸರ್ಟಿಫಿಕೇಟ್ ಬೇಕಾಗ್ತದೇನ?" ಅಂದರು. ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಕ್ರಾಮಕ್ಕ ಬಂದಳು

ನವೆಂಬರ್ ಮೂರನೇ ವಾರ ಮಗಳು ಹುಟ್ಟಿದಳು. ಇಲ್ಲಿ ತೊಂದರೆ ಇಲ್ಲದ ಹೆರಿಗೆಯಾದರೆ ಕೆಲವೇ ಗಂಟೆಗಳಲ್ಲಿ ಮನೆಗೆ ಕಳಿಸ್ತಾರೆ. ರಾತ್ರಿ ಎರಡಕ್ಕೆ ಹೆತ್ತವಳು ಬೆಳಗ್ಗೆ ಒಂಬತ್ತಕ್ಕೆ ನಮ್ಮ ಮನೆಯ ಏಣಿಯಂಥ ಡಚ್ ಮೆಟ್ಟಿಲು ಹತ್ತಿದ್ದೆ. ಮಲಗುವ ಕೋಣೆಯಲ್ಲಿ ಮಂಚ ಆಗಲೇ ಎತ್ತರವಾಗಿತ್ತು. ನಾಲ್ಕು ಕಾಲಿಗೂ ಅಡಿಕಟ್ಟು ಕೊಟ್ಟು ಸೊಂಟದ ಎತ್ತರಕ್ಕೆ ಏರಿಸಿರಲೇಬೇಕು, ಇಲ್ಲದಿದ್ದರೆ ನೋಡಿಕೊಳ್ಳುವವರು ಕೆಲಸ ಮಾಡುವುದಿಲ್ಲ. ದಿನಾ ಬಗ್ಗಿ ಬಗ್ಗಿ ಅವರ ಬೆನ್ನು ಹೋಗಬಾರದು ಅಂತ ನಿಯಮ. ಈ ನಿಯಮ ಕೇಳಿದಾಗ ನನಗೆ ನೆನಪಾದದ್ದು ನೆಲದ ಮೇಲೆ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸು ಮಲಗಿಸಿ ಎರೆಯುತ್ತಿದ್ದ ಅಮ್ಮ. ಅವಳ ಬೆನ್ನಿನ ಬಗ್ಗೆ ನಾವ್ಯಾರೂ ಯಾವತ್ತೂ ಕೇಳಿರಲಿಲ್ಲ.

ಹತ್ತು ಗಂಟೆಗೆ ಬೆಲ್ ಆಯ್ತು. ಐವತ್ತು ದಾಟಿದ ಹೆಂಗಸು. ಸೈಕಲ್ ನಿಲ್ಲಿಸಿ, ಕೈ ತೊಳೆದು, ನನ್ನ ಹೆಸರನ್ನು ಸರಿಯಾಗಿ ಉಚ್ಚರಿಸಲು ಮೂರು ಸಲ ಪ್ರಯತ್ನಿಸಿ, ಕೆಲಸ ಶುರು ಮಾಡಿದಳು. ಅಮ್ಮ ಮೊದಲ ದಿನವೇ ಆಕೆಗೆ ಕ್ರಾಮಕ್ಕ ಅಂತ ಹೆಸರಿಟ್ಟಳು. ನಾವೂ ಅದನ್ನೇ ಉಳಿಸಿಕೊಂಡೆವು.

ಕ್ರಾಮಕ್ಕನ ದಿನಚರಿ ನನ್ನಂಥ ಇಂಜಿನಿಯರ್‌ಗೂ ಹೊಟ್ಟೆಕಿಚ್ಚು ತರಿಸುವಂಥದ್ದು. ನನ್ನ ಜ್ವರ, ನಾಡಿ, ಹೊಲಿಗೆ, ಗರ್ಭಕೋಶ ಎಷ್ಟು ಇಳಿದಿದೆ ಅಂತ ಹೊಟ್ಟೆ ಒತ್ತಿ ನೋಡೋದು. ಮಗುವಿನ ತೂಕ, ಉಷ್ಣತೆ, ಎಷ್ಟು ಸಲ ಹಾಲು, ಎಷ್ಟು ಒದ್ದೆ ಬಟ್ಟೆ. ಎಲ್ಲವನ್ನೂ ಒಂದು ಫೈಲಿನಲ್ಲಿ ಬರೆಯೋದು. ನಡುವೆ ಬಚ್ಚಲು ತೊಳೆದಳು, ಬಟ್ಟೆ ಒಗೆಯಲು ಹಾಕಿದಳು, ನನಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ನನ್ನ ಗಂಡನಿಗೆ ಮಗುವಿಗೆ ಸ್ನಾನ ಮಾಡಿಸೋದು ಕಲಿಸಿದಳು, ತಾನು ಮಾಡದೆ ಕೈ ಕಟ್ಟಿ ನಿಂತು ಅವನಿಂದಲೇ ಮಾಡಿಸಿದಳು. ಯಾರೋ ಹಿರಿಯ ಹೆಂಗಸು ನನ್ನ ಟಾಯ್ಲೆಟ್ ತೊಳೀತಿದ್ದಾಳೆ ಅಂತ ನನಗೆ ಮುಜುಗರ. "ಇದು ನನ್ನ ಕೆಲಸ, ನಿನ್ನ ಕೆಲಸ ಮಲಗೋದು" ಅಂದಳು.

ಜಗಳವಾದದ್ದು ಕಿಟಕಿಗೆ. ಆಕೆ ಬಂದ ಕೂಡಲೇ ಕಿಟಕಿ ತೆಗೆದಳು. ಹೊರಗೆ ಆರು ಡಿಗ್ರಿ. ವಿಡಿಯೋ ಕಾಲ್‌ನಲ್ಲಿದ್ದ ಅಮ್ಮ ಕಿರುಚಿದರು, "ಕಿಡಕಿ ತಗದಾಳ? ಬಾಣಂತಿಗೆ ಥಂಡಿ ಗಾಳಿ ಹೊಡಸ್ತಾರೇನ? ಮೊದಲ ಕಿವಿಗೆ ಅರಳಿ ಇಟ್ಕೊ!" ನಾನು ಅನುವಾದಿಸಿದೆ. ಕ್ರಾಮಕ್ಕ ನಕ್ಕು, ಹತ್ತು ನಿಮಿಷ ಅಷ್ಟೇ, ಕೋಣೆಗೆ ಹೊಸ ಗಾಳಿ ಬೇಕು ಅಂದಳು. ಮಗುವಿನ ತೊಟ್ಟಿಲಲ್ಲಿ ಬಿಸಿನೀರಿನ ಲೋಹದ ಬಾಟಲಿ ಇಟ್ಟಿದ್ದನ್ನು ಕ್ಯಾಮೆರಾಕ್ಕೆ ತೋರಿಸಿದಳು. ಅಮ್ಮನಿಗೆ ಅರ್ಧ ಸಮಾಧಾನ. ನಾನು ಇಬ್ಬರಿಗೂ ತಿಳಿಯದಂತೆ ಸ್ಕಾರ್ಫ್ ಸುತ್ತಿಕೊಂಡೆ.

ಆಮೇಲೆ ಗೊತ್ತಾಯ್ತು, ಇವರ ಅಜ್ಜಿಯರೂ ನಮ್ಮ ಅಜ್ಜಿಯರಂತೆಯೇ ಇದ್ದರು. ಹಿಂದೆ ಇಲ್ಲಿ ಬಾಣಂತನ ಮಾಡುವ ಹೆಂಗಸಿಗೆ ಬಾಕರ್ ಅನ್ನುತ್ತಿದ್ದರು. ಬೆಂಕಿಯ ಮುಂದೆ ಬೆತ್ತದ ತಗ್ಗು ಬುಟ್ಟಿಯಲ್ಲಿ ಕೂತು ಕೂಸನ್ನು ಬೆಚ್ಚಗೆ ಸುತ್ತುತ್ತಿದ್ದಳು. ಆ ಬುಟ್ಟಿಗೆ ಬಾಕರ್‌ಮಾಟ್ ಅಂತ ಹೆಸರು. ಇವತ್ತು ಅದೇ ಪದಕ್ಕೆ ನಾಗರಿಕತೆಯ ತೊಟ್ಟಿಲು, ಯಾವುದಾದರೂ ಹುಟ್ಟಿದ ಜಾಗ ಎಂಬ ದೊಡ್ಡ ಅರ್ಥ. ಆದರೆ ಬಾಕರ್ ಹೇಳಿದ ಮಾತುಗಳಿಗೆ, ಬಾಕರ್‌ಪ್ರಾಟ್ಯೆಸ್, ಇವತ್ತಿನ ಅರ್ಥ ಅಜ್ಜಿಕತೆ, ಬುಡವಿಲ್ಲದ ನಂಬಿಕೆ. ಕೂತ ಬುಟ್ಟಿಗೆ ಮರ್ಯಾದೆ ಸಿಕ್ಕಿತು, ಕೂತವಳ ಮಾತಿಗೆ ಸಿಗಲಿಲ್ಲ.

ಎಲ್ಲವೂ ಹೋಗಿಲ್ಲ. ಮಗು ನೋಡಲು ಬಂದವರಿಗೆ ಇಲ್ಲಿ ಕೊಡೋದು ದುಂಡನೆಯ ರಸ್ಕ್ ಮೇಲೆ ಬೆಣ್ಣೆ ಸವರಿ, ಅದರ ಮೇಲೆ ಸಕ್ಕರೆ ಹೊದಿಸಿದ ಸೋಂಪಿನ ಕಾಳು. ಹೆಣ್ಣಾದರೆ ಗುಲಾಬಿ-ಬಿಳಿ, ಗಂಡಾದರೆ ನೀಲಿ-ಬಿಳಿ. 1938ರಲ್ಲಿ ರಾಜಕುಮಾರಿ ಬೇಯಾಟ್ರಿಕ್ಸ್ ಹುಟ್ಟಿದಾಗ ಕಿತ್ತಳೆ ಬಣ್ಣದವು ಬಂದವು. ಕಾಳಿಗೆ ಬಾಲದಂಥ ತೊಟ್ಟು ಇರೋದರಿಂದ ಇವಕ್ಕೆ ಪುಟ್ಟ ಇಲಿಗಳು ಅಂತ ಹೆಸರು. ಸೋಂಪೇ ಯಾಕೆ ಅಂದ್ರೆ, ತಾಯಿಗೆ ಹಾಲು ಚೆನ್ನಾಗಿ ಬರಲಿ ಎಂಬ ಹಳೇ ನಂಬಿಕೆ. ಇದನ್ನು ಕೇಳಿ ಅಮ್ಮ ಮೊದಲ ಸಲ ಆ ದೇಶವನ್ನು ಒಪ್ಪಿಕೊಂಡರು. "ಹಂಗಂದ್ರ ಸಬ್ಬಸಿಗಿನೂ ಸಿಗ್ತದೇನ ಕೇಳು" ಅಂದರು.

ನಾಲ್ಕನೇ ದಿನ

ಇವರಲ್ಲಿ ಕ್ರಾಮ್‌ತ್ರಾನೆನ್ ಅಂತ ಇನ್ನೊಂದು ಪದ ಇದೆ, ಬಾಣಂತಿ ಕಣ್ಣೀರು. ಹೆತ್ತ ಮೂರು-ನಾಲ್ಕು ದಿನಕ್ಕೆ ಕಾರಣವಿಲ್ಲದೆ ಬರುವ ಅಳು. ನನಗೆ ಮೂರನೇ ರಾತ್ರಿ ಬಂತು. ಸೇಂಟ್ ಬಾವೊ ಚರ್ಚಿನಲ್ಲಿ ದಿನಾ ರಾತ್ರಿ ಒಂಬತ್ತರಿಂದ ಅರ್ಧ ಗಂಟೆ ಎರಡು ಸಣ್ಣ ಗಂಟೆಗಳು ಬಾರಿಸುತ್ತವೆ. ಗಂಟೆ ನಿಂತ ಮೇಲೂ ನಾನು ಅಳುತ್ತಲೇ ಇದ್ದೆ. ಮಗು ಹಾಲು ಕುಡಿಯದೆ ನಿದ್ದೆ ಹೋಗುತ್ತಿತ್ತು. ಎಷ್ಟು ಒಳ್ಳೇ ಮಗು, ಅಳೋದೇ ಇಲ್ಲ ಅಂತ ನಾವು ಅಂದುಕೊಂಡಿದ್ದೆವು.

ಬೆಳಗ್ಗೆ ಬಂದ ಕ್ರಾಮಕ್ಕ ಕೋಟು ತೆಗೆದು ಮಗುವನ್ನು ಕಿಟಕಿಯ ಹತ್ತಿರ ಎತ್ತಿ ಹಿಡಿದಳು. ಎದೆಯ ಮೇಲೆ ಬೆರಳು ಒತ್ತಿ ನೋಡಿದಳು. ಅಂಗಾಲು ನೋಡಿದಳು. ತೂಗಿದಳು. ಫೈಲ್ ತಿರುವಿ ಹಿಂದಿನ ರಾತ್ರಿ ನಾವು ಬರೆದ ಒದ್ದೆ ಬಟ್ಟೆಯ ಲೆಕ್ಕ ನೋಡಿದಳು. ಬರೀ ಎರಡು. ನಗು ಹೋಯ್ತು. ಸೂಲಗಿತ್ತಿಗೆ ಫೋನ್ ಮಾಡಿದಳು. ಅರ್ಧ ಗಂಟೆಯಲ್ಲಿ ಸೂಲಗಿತ್ತಿ, ಹಿಮ್ಮಡಿಯಿಂದ ರಕ್ತ, ಮಧ್ಯಾಹ್ನದೊಳಗೆ ಆಸ್ಪತ್ರೆ. ಕಾಮಾಲೆ. ಹುಟ್ಟಿದ ಮಕ್ಕಳಲ್ಲಿ ಸಾಮಾನ್ಯ, ಹೆಚ್ಚಿನವಕ್ಕೆ ತಾನೇ ಹೋಗುತ್ತೆ, ಆದರೆ ಬಿಲಿರುಬಿನ್ ಒಂದು ಮಟ್ಟ ದಾಟಿದರೆ ಮಿದುಳಿಗೆ ಅಪಾಯ ಅಂತ ಡಾಕ್ಟರ್ ಹೇಳಿದರು. ನಮ್ಮ ಮಗಳದ್ದು ಆ ಗೆರೆಯ ಹತ್ತಿರ ಬಂದಿತ್ತು. ನಾವು "ಒಳ್ಳೇ ಮಗು" ಅಂದುಕೊಂಡಿದ್ದ ಆ ನಿದ್ದೆಯೇ ಲಕ್ಷಣ.

ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದರು. ಆ ರಾತ್ರಿ ಅಮ್ಮ ಫೋನ್ ಇಡಲೇ ಇಲ್ಲ. "ಬೆಳಗಿನ ಬಿಸಲಾಗ ಹಿಡೀಬೇಕಿತ್ತವ್ವಾ" ಅಂದರು. ಇಲ್ಲಿ ವಾರದಿಂದ ಬಿಸಿಲೇ ಇಲ್ಲ ಅಂದೆ. ಈ ಮಟ್ಟದ ಕಾಮಾಲೆಗೆ ಬಿಸಿಲು ಸಾಕಾಗಲ್ಲ ಅಂತ ಡಾಕ್ಟರ್ ಹೇಳಿದ್ದನ್ನು ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಕೇಳಿದರು, "ಅಕಿ ನೋಡಿದ್ದಕ್ಕ ಗೊತ್ತಾತಲ್ಲ?" ಹೌದು ಅಂದೆ. "ನಾ ಇದ್ದಿದ್ರ ನನಗ ಗೊತ್ತಾಗ್ತಿತ್ತೋ ಇಲ್ಲೋ." ಅಮ್ಮ ಹಾಗೆ ಅಂದದ್ದು ನನ್ನ ಜೀವನದಲ್ಲಿ ಮೊದಲ ಸಲ. ನಾನು, "ನಿನಗೂ ಗೊತ್ತಾಗ್ತಿತ್ತು" ಅಂದೆ. ನಿಜವೋ ಸುಳ್ಳೋ ಗೊತ್ತಿಲ್ಲ. ಇಬ್ಬರು ಹೆತ್ತು, ಆರು ಬಾಣಂತನ ಮಾಡಿದ ಕಣ್ಣು ಅದು.

ಮರುದಿನ ಸಂಜೆ ಮನೆಗೆ ಬಂದೆವು.

ಲೆಕ್ಕಕ್ಕೆ ಬಾರದ ಗಂಟೆಗಳು

ಕೊನೆಯ ದಿನ ಕ್ರಾಮಕ್ಕ ಫೈಲಿಗೆ ಸಹಿ ಹಾಕಿ, ಗಂಟೆ ಕೂಡಿಸಿ, ನನ್ನಿಂದಲೂ ಸಹಿ ಹಾಕಿಸಿಕೊಂಡಳು. ನಾನು ಅಪ್ಪಿಕೊಂಡೆ. ಸೋಮವಾರದಿಂದ ಆಕೆಗೆ ಇನ್ನೊಂದು ಮನೆ, ಇನ್ನೊಂದು ಮಗು. ಆಕೆ ಹೋದ ಮೇಲಿನ ಒಂಬತ್ತನೇ ದಿನ ನಿಜಕ್ಕೂ ಖಾಲಿ ಖಾಲಿ. ಈ ವ್ಯವಸ್ಥೆಗೂ ಮಿತಿ ಇದೆ. ಎಂಟು ದಿನಕ್ಕೆ ಬಾಣಂತನ ಮುಗಿಯಲ್ಲ, ಬಾಣಂತಿಗೆ ಅದು ಗೊತ್ತು. ಜನ ಸಾಕಾಗದೆ ಈಗೀಗ ಗಂಟೆಗಳನ್ನೂ ಕಡಿಮೆ ಮಾಡ್ತಿದ್ದಾರೆ.

ಅಮ್ಮನಿಗೆ ಹೇಳಿದೆ, ಒಟ್ಟು 49 ಗಂಟೆ ಅಂತ. ಅಮ್ಮ ನಕ್ಕರು. "ನಿಮ್ಮಕ್ಕಂದು ಮೂರು ತಿಂಗಳ ಮಾಡೇನಿ. ಯಾರ್ ಎಣಿಸ್ಯಾರ?"

ಆ ರಾತ್ರಿ ಹಾಲು ಕುಡಿಸುತ್ತಾ ನಾನೇ ಎಣಿಸಿದೆ. ಮೂರು ತಿಂಗಳು, ದಿನಕ್ಕೆ ಹತ್ತು ಗಂಟೆ ಅಂತ ಕಡಿಮೆ ಹಿಡಿದರೂ 900 ಗಂಟೆ. ಎತ್ತರದ ಮಂಚ ಇಲ್ಲ, ಸಹಿ ಇಲ್ಲ, ರಜೆ ಇಲ್ಲ. ನಾವು ಅದಕ್ಕೆ ತಾಯಿ ಪ್ರೀತಿ ಅಂತ ಒಂದು ಹೆಸರಿಟ್ಟು ಸುಮ್ಮನಾಗಿದ್ದೇವೆ. ಪ್ರೀತಿ ಹೌದು, ಸುಳ್ಳಲ್ಲ. ಆದರೆ ಅದು ಕೆಲಸವೂ ಹೌದು, ಕಲಿತು ಮಾಡುವ ಕೆಲಸ, ಬೆನ್ನು ನೋಯುವ ಕೆಲಸ. ಅದನ್ನು ಕೆಲಸ ಅಂತ ಕರೆಯೋರನ್ನು ನೋಡಲು ನಾನು ಏಳು ಸಾವಿರ ಕಿಲೋಮೀಟರ್ ದೂರ ಬರಬೇಕಾಯ್ತು. ನೀವು ಹುಟ್ಟಿದಾಗ ನಿಮ್ಮಮ್ಮನ ಬಾಣಂತನ ಯಾರು ಮಾಡಿದ್ದು, ಎಷ್ಟು ದಿನ ಮಾಡಿದ್ದು ಅಂತ ಒಂದು ಸಲ ಫೋನ್ ಮಾಡಿ ಕೇಳಿ ನೋಡಿ.

ಡಿಸೆಂಬರ್ ಕೊನೆಗೆ ಧಾರವಾಡದಿಂದ ಒಂದು ಪಾರ್ಸೆಲ್ ಹೊರಟಿತು. ತುಪ್ಪದ ತಿಂಡಿ ಕಳಿಸುವಂತಿಲ್ಲ ಅಂದಿದ್ದಕ್ಕೆ ಅಮ್ಮ ಬಟ್ಟೆ ಕಳಿಸಿದ್ದರು. ಎರಡು ಕುಂಚಿಗಿ, ಮಡಚಿಟ್ಟ ಹಳೇ ಧೋತರದ ತುಂಡುಗಳು, ಮತ್ತು ಒಂದು ಸಣ್ಣ ಕೌದಿ. ಕೌದಿಯ ಒಂದು ಮೂಲೆಯಲ್ಲಿ ಅಜ್ಜಿಯ ಇಳಕಲ್ ಸೀರೆಯ ಸೆರಗು ಇತ್ತು, ಅಕ್ಕನ ಕೋಣೆಯ ಬಾಗಿಲಿಗೆ ಕಟ್ಟಿದ್ದ ಅದೇ ಸೀರೆ. ಅಪ್ಪನ ಮಂಚದ ಪಕ್ಕ ಕೂತು ಅಮ್ಮ ಹೊಲಿದದ್ದು.

ಅದು ಬಂದಾಗ ನಾನು ಮಗಳನ್ನು ಮಲಗಿಸುತ್ತಿದ್ದೆ, ಬೆಲ್ ಕೇಳಿಸಲಿಲ್ಲ. ಗಂಡ ಬಾಗಿಲು ತೆಗೆದಿದ್ದ. ಫೋನ್ ನೋಡಿದರೆ ಮೆಸೇಜ್ ಬಂದಿತ್ತು, ಒಂದೇ ಸಾಲು. ನಿಮ್ಮ ಪಾರ್ಸೆಲ್ ಬೆಜೋರ್ಖ್ಟ್.